ಬೆಳಿಗ್ಗೆ ಆರು ಗಂಟೆಯ ಚಿತ್ರ

ಫೆಬ್ರವರಿ 4, ಬೆಳಿಗ್ಗೆ 9.20

ಬಿಸ್ಕತ್ತಿನ ಪೊಟ್ಟಣದ ಮೂರನೆಯ ಡಿಸೈನ್ ಕಳಿಸಿದ್ದಾಯಿತು. ಬಿಸ್ಕತ್ತಿನವರ ಫೋನು ಐದೇ ನಿಮಿಷಕ್ಕೆ. "ಹಳದಿ ಚೆನ್ನಾಗಿದೆ ಮೇಡಂ, ಆದ್ರೆ ಇನ್ನೂ ಸ್ವಲ್ಪ ಖುಷಿಯಾಗಿರ್ಲಿ." ಹಳದಿಗೆ ನಾನೇನು ಕಚಗುಳಿ ಇಡಲೇ?

ಶನಿವಾರದ ಪುಟಕ್ಕೆ ಇನ್ನೂ ಏನೂ ಸಿದ್ಧವಿಲ್ಲ. ಡಿಸೈನ್ ಮಾಡುವವರಿಗಾಗಿ ನಾನು ಈಮೇಲಿನಲ್ಲಿ ಕಳಿಸುವುದು, ವಾರಕ್ಕೆ ಹತ್ತು ಉಪಯುಕ್ತ ಲಿಂಕು: ಪುಕ್ಕಟೆ ಫಾಂಟು, ಹಳೆ ಕಾಗದದ ಟೆಕ್ಸ್ಚರು, ಬಣ್ಣ ಹೊಂದಿಸಿಕೊಡುವ ಸೈಟು. ನಾಲ್ಕು ಸಾವಿರ ಜನ ಓದುತ್ತಾರೆ. ಮಾತಾಡುವವರು ಯಾರೂ ಇಲ್ಲ. ನಿನ್ನೆ ಇಡೀ ದಿನ ಬಾಯಿಬಿಟ್ಟು ಆಡಿದ ಮಾತು ಒಂದೇ, ನೀರಿನ ಕ್ಯಾನ್ ತಂದವರಿಗೆ "ಅಲ್ಲೇ ಇಡಿ" ಎಂದದ್ದು.

ಕಂಪ್ಯೂಟರಿನಲ್ಲಿ ನಮ್ಮ ಚಿತ್ರಗಳ ಬೋರ್ಡ್ ತೆರೆದೆ. ನಿನ್ನೆ ನಾನು ಹಾಕಿದ್ದು ತುಕ್ಕು ಹಿಡಿದ ನೀಲಿ ಗೇಟು. ಇವತ್ತು ಬೆಳಿಗ್ಗೆ ಆರಕ್ಕೆ ತಮ್ಮನ ಹೆಸರಿನಲ್ಲಿ ಒಂದು ದೋಣಿ. ಅದೇ ನೀಲಿ, ಅದೇ ತುಕ್ಕು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡುತ್ತ ಕೂತೆ, ಕಾಫಿ ಆರಿಹೋಯಿತು.

ಫೆಬ್ರವರಿ 6

ಬರೆದಿಡಬೇಕು. ಇಲ್ಲದಿದ್ದರೆ ನನಗೇ ಇದು ಭ್ರಮೆ ಎನಿಸೀತು.

ನನ್ನ ತಮ್ಮ ನಮ್ಮ ಡಿಸೈನ್ ಸ್ಟುಡಿಯೊ ಬಿಟ್ಟು ಹೋಗಿ ಎರಡು ವರ್ಷ ನಾಲ್ಕು ತಿಂಗಳು. ಫೋನಿಲ್ಲ, ಮೆಸೇಜಿಲ್ಲ. ನಮ್ಮಿಬ್ಬರ ನಡುವೆ ಉಳಿದಿರುವುದು ಇಂಟರ್ನೆಟ್ಟಿನ ಈ ಬೋರ್ಡ್ ಒಂದೇ. ಸ್ಟುಡಿಯೊ ಶುರುವಾದ ವಾರ ಇಬ್ಬರೂ ಸೇರಿ ಮಾಡಿದ್ದು. ಎಲ್ಲೇ ಚೆಂದದ ಚಿತ್ರ ಕಂಡರೂ ಅಲ್ಲಿ ಹಾಕುವುದು, ತಲೆ ಓಡದ ದಿನ ತೆಗೆದು ನೋಡುವುದು. ಆಗ ದಿನಕ್ಕೆ ಇಪ್ಪತ್ತು ಮೂವತ್ತು ಬೀಳುತ್ತಿದ್ದವು. ಯಾವುದು ಯಾರದೆಂದು ನೋಡಿದವರಾರು.

ಜಗಳದ ಮೇಲೆ ಆರು ತಿಂಗಳು ಅದರ ತಂಟೆಗೇ ಹೋಗಲಿಲ್ಲ. ಒಂದು ದಿನ ಮನಸ್ಸು ತಡೆಯದೆ ಖಾಲಿ ಕುರ್ಚಿಯ ಚಿತ್ರ ಹಾಕಿದೆ. ಮರುದಿನ ಬೆಳಿಗ್ಗೆ ಅವನ ಹೆಸರಿನಲ್ಲಿ ಎರಡು ಖಾಲಿ ಕುರ್ಚಿ. ಅತ್ತುಬಿಟ್ಟೆ ಅವತ್ತು.

ಅಂದಿನಿಂದ ನಾನೊಂದು, ಅವನೊಂದು. ಮಾತಿಲ್ಲ, ಚಿತ್ರ ಅಷ್ಟೇ. ದಿನಾ ಸರಿಯಾಗಿ ಆರು ಗಂಟೆಗೆ. ಒಂಬತ್ತಕ್ಕೆ ಮುಂಚೆ ಹಾಸಿಗೆ ಬಿಡದ ಕುಂಭಕರ್ಣ ಆರಕ್ಕೆ ಏಳುತ್ತಾನೆಂದರೆ… ಬಹಳ ಬದಲಾಗಿದ್ದಾನೆ.

ಫೆಬ್ರವರಿ 11

ಜಗಳದ ಬಗ್ಗೆ ಎಂದೂ ಬರೆದಿಲ್ಲ.

ಕಣ್ಣಾಸ್ಪತ್ರೆಯ ಲೋಗೊ ಅವನದು. ಎರಡು ತಿಂಗಳ ಕೆಲಸ. ಅದರಲ್ಲಿ ಕಣ್ಣಿನ ಗೆರೆ ಕೊಂಚ ಎಡಕ್ಕೆ ವಾಲಿತ್ತು. ಆಸ್ಪತ್ರೆಯವರಿಗೆ ತೋರಿಸುವ ದಿನ ಬೆಳಿಗ್ಗೆ ನಾನೇ ಅದನ್ನು ನೇರ ಮಾಡಿದೆ. ಬಣ್ಣವನ್ನೂ ತಿದ್ದಿದೆ. ಅವನಿಗೆ ಹೇಳಲಿಲ್ಲ. ಎಲ್ಲರೆದುರು ಪರದೆಯ ಮೇಲೆ ಬಂದಾಗಲೇ ಅವನು ನೋಡಿದ್ದು. ಅರ್ಧ ವಾಕ್ಯಕ್ಕೆ ಮಾತು ನಿಲ್ಲಿಸಿದ. ಆಸ್ಪತ್ರೆಯವರು ಒಪ್ಪಿದರು, ಚಪ್ಪಾಳೆಯೂ ಆಯಿತು.

ಲಿಫ್ಟಿನಲ್ಲಿ ಹೇಳಿದ, "ಕಣ್ಣು ಮಂಜಾದವರು ತಲೆ ವಾಲಿಸ್ಕೊಂಡು ನೋಡ್ತಾರೆ ಅಕ್ಕ. ಅದಕ್ಕೇ ಹಾಗೆ ಬರೆದಿದ್ದೆ. ನೀನು ಕೇಳ್ಬಹುದಿತ್ತು."

"ಕೇಳಿದ್ರೆ ನೀನು ಒಪ್ತಿರ್ಲಿಲ್ಲ."

"ಹೌದು, ಒಪ್ತಿರ್ಲಿಲ್ಲ."

ಅಷ್ಟೇ. ಸಂಜೆ ತನ್ನ ಸಾಮಾನು ತುಂಬಿಕೊಂಡು ಹೊರಟ. ತಡೆಯಲಿಲ್ಲ. ಗೆದ್ದಿದ್ದೆನಲ್ಲ, ಕೊಬ್ಬು.

ಫೆಬ್ರವರಿ 13, ಮಧ್ಯಾಹ್ನ

ನಿನ್ನೆ ಧೈರ್ಯ ಮಾಡಿ ಮುಚ್ಚಿದ ಬಾಗಿಲೊಂದನ್ನು ಹಾಕಿದೆ. ಇನ್ನು ನಿನ್ನಿಷ್ಟ ಕಣೋ, ಎಂದುಕೊಂಡು. ಇವತ್ತು ಆರಕ್ಕೆ ಬಂದದ್ದು ಅರ್ಧ ತೆರೆದ ಬಾಗಿಲು. ಒಳಗೆ ಬೆಳಕು. ಇದಕ್ಕಿಂತ ಬಿಡಿಸಿ ಹೇಳುವುದುಂಟೇ?

ಅವನ ಮೇಜು ಖಾಲಿ ಮಾಡಿದೆ. ಪ್ರಿಂಟರು, ಕಾಗದದ ಸ್ಯಾಂಪಲ್ ಪುಸ್ತಕಗಳು, ಎರಡು ವರ್ಷದ ನನ್ನ ಹಾಳುಮೂಳು ಎಲ್ಲ ಅದರ ಮೇಲೇ ಇತ್ತು. ದೊಡ್ಡ ಮಾನಿಟರನ್ನೂ ಅತ್ತ ಇಟ್ಟೆ. ಬೆನ್ನು ಹಿಡಿದುಕೊಂಡಿದೆ. ಆದರೂ ಖುಷಿ. ಅವನು ವಾಪಸು ಬರಬೇಕು, ಈ ರೂಮಿನಲ್ಲಿ ಇನ್ನೊಬ್ಬರು ಕೀಬೋರ್ಡ್ ಕುಟ್ಟುವ ಸದ್ದಾಗಬೇಕು. ನನಗೆ ಬೇಕಾಗಿರುವುದು ಅದೊಂದೇ.

ಭಾನುವಾರ ಚಿಕ್ಕಮ್ಮನಿಗೆ ಫೋನ್ ಮಾಡಿ ಅವನ ಹೊಸ ನಂಬರ್ ಕೇಳುವುದು.

ಫೆಬ್ರವರಿ 15, ಭಾನುವಾರ, ಸಂಜೆ 4

ಚಿಕ್ಕಮ್ಮ ಮೊದಲು ಬೈದರು. ನಮ್ಮಿಬ್ಬರನ್ನೂ ಸಾಕಿದವರು, ಬಯ್ಯಲಿ. "ಅಕ್ಕ ತಮ್ಮ ಇಬ್ರಿಗೂ ಮೂಗಿನ ತುದೀಲೇ ಸಿಟ್ಟು. ನಂಬರ್ ಕೊಡ್ತೀನಿ ತಾಳು. ಆದ್ರೆ ಕಂಪ್ಯೂಟರ್ ಗಿಂಪ್ಯೂಟರ್ ಮಾತೆತ್ಬೇಡ. ಅದನ್ನ ಮಾರಿ ವರ್ಷದ ಮೇಲಾಯ್ತು. ಈಗ ಸ್ಕೂಲಲ್ಲಿ ಮಕ್ಕಳಿಗೆ ಡ್ರಾಯಿಂಗ್ ಹೇಳ್ಕೊಡ್ತಾನೆ."

ಫೋನಿನಲ್ಲಿ ಹಾಕುತ್ತಿರಬಹುದು ಚಿತ್ರ. ಫೋನಿನಲ್ಲೂ ಆಗುತ್ತದೆ.

ಅದೇ ದಿನ, 5.10

ಮಾಡಿದೆ.

"ಯಾರು?"

"ನಾನು."

"ಅಕ್ಕ? ಯಾರಿಗಾದ್ರೂ ಹುಷಾರಿಲ್ವಾ?"

"ಎಲ್ರೂ ಚೆನ್ನಾಗಿದಾರೆ. ಬಾಗಿಲು ನೋಡ್ದೆ ಕಣೋ."

"ಯಾವ ಬಾಗಿಲು?"

"ಬೋರ್ಡಲ್ಲಿ ನೀನು ಹಾಕಿದ್ದು."

"ಯಾವ ಬೋರ್ಡು… ಅದಾ? ಅದಿನ್ನೂ ಇದೆಯಾ? ನಾನು ಹೊರಟಮೇಲೆ ಅದನ್ನ ತೆಗೆದೇ ಇಲ್ವಲ್ಲ."

"ಮತ್ತೆ?" ಎಂದ. "ಮತ್ತೇನಿಲ್ಲ" ಎಂದೆ. ಹೇಳಬೇಕೆಂದುಕೊಂಡಿದ್ದ ಯಾವುದನ್ನೂ ಹೇಳಲಿಲ್ಲ.

ಫೆಬ್ರವರಿ 16

ಬೋರ್ಡಿನ ಸೆಟ್ಟಿಂಗ್ಸ್ ತೆಗೆದು ನೋಡಿದ್ದು ಇದೇ ಮೊದಲು. ಕೊನೆಯ ಸಾಲಿನಲ್ಲಿದೆ. ಹೊಸ ಚಿತ್ರ ಹಾಕಿದರೆ ಅದನ್ನೇ ಹೋಲುವ ಇನ್ನೊಂದನ್ನು ಹುಡುಕಿ ಮರುದಿನ ಆರಕ್ಕೆ ತಾನಾಗಿ ಸೇರಿಸುವ ಸೌಲಭ್ಯ. ಆನ್. ಆನ್ ಮಾಡಿದವರು: ತಮ್ಮ. ಬೋರ್ಡ್ ಮಾಡಿದ ವಾರವೇ. ಅದಕ್ಕೇ ಎಲ್ಲ ಅವನ ಹೆಸರಿನಲ್ಲಿ.

ಇದೇ ಸೌಲಭ್ಯವನ್ನು ಹೋದ ವರ್ಷ ಶನಿವಾರದ ಪುಟದಲ್ಲಿ ನಾನೇ ಹೊಗಳಿದ್ದೇನೆ. ಆರನೆಯ ಲಿಂಕು. "ನೀವು ಮಲಗಿದ್ದಾಗಲೂ ದುಡಿಯುವ ಜೊತೆಗಾರ" ಎಂದು ಬರೆದಿದ್ದೇನೆ. ನಾಲ್ಕು ಸಾವಿರ ಜನಕ್ಕೆ ಗೊತ್ತು, ನನಗೆ ಗೊತ್ತಿಲ್ಲ.

ಒಂದು ವರ್ಷ ಹತ್ತು ತಿಂಗಳು ನನ್ನ ಜೊತೆ ನಾನೇ ಹರಟಿದ್ದೇನೆ. ನಾಚಿಕೆಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಯಾರೋ ಹೋದ ಹಾಗೆ ದುಃಖವಾಗುತ್ತದೆ.

ಆಫ್ ಮಾಡಿದೆ.

ಫೆಬ್ರವರಿ 17, 6.00

ಎಚ್ಚರವಾಯಿತು. ನೋಡಿದೆ. ಏನೂ ಇಲ್ಲ. ಇರುವುದಾದರೂ ಹೇಗೆ.

ಫೆಬ್ರವರಿ 21, ಶನಿವಾರ

ಪುಟ ಹೋಗಲಿಲ್ಲ. ನಾಲ್ಕು ಸಾವಿರದಲ್ಲಿ ಕೇಳಿದವರು ಒಬ್ಬರು. "ಈ ವಾರ ಲಿಂಕ್ ಇಲ್ವಾ?" ಬಿಸ್ಕತ್ತಿನವರು ಒಪ್ಪಿದರು. ಮೊದಲನೆಯ ಡಿಸೈನನ್ನೇ.

ತಮ್ಮನಿಗೆ ಮೆಸೇಜ್ ಬರೆದೆ. ಉದ್ದವಾಯಿತು, ಅಳಿಸಿದೆ. ಮತ್ತೆ ಬರೆದೆ, ಅಳಿಸಿದೆ. ಕೊನೆಗೆ ಕಳಿಸಿದ್ದು ಇಷ್ಟು. "ಕಣ್ಣಾಸ್ಪತ್ರೆ ಲೋಗೊ ನಿನ್ನದೇ ಚೆನ್ನಾಗಿತ್ತು. ನಾನು ಮುಟ್ಟಬಾರದಿತ್ತು. ತಪ್ಪಾಯ್ತು." ಕೆಳಗೆ ಬೋರ್ಡಿನ ಲಿಂಕ್.

ಫೆಬ್ರವರಿ 24

ಓದಿದ್ದಾನೆ. ಉತ್ತರವಿಲ್ಲ. ಅವನ ಮೇಜಿನ ಮೇಲೆ ಪ್ರಿಂಟರನ್ನು ಮತ್ತೆ ಇಡಲೋ ಬೇಡವೋ. ನೆಲದ ಮೇಲಿದೆ, ಎರಡು ಸಲ ಎಡವಿದೆ.

ಮಾರ್ಚ್ 3, ಬೆಳಿಗ್ಗೆ 11.40

ಬೋರ್ಡಿನಲ್ಲಿ ಹೊಸ ಚಿತ್ರ. ಅವನ ಹೆಸರು.

ಮೊದಲು ಸೆಟ್ಟಿಂಗ್ಸ್ ನೋಡಿದೆ. ಆಫ್ ಆಗಿಯೇ ಇದೆ.

ಕೆಟ್ಟ ಫೋಟೊ. ಫೋಕಸ್ ಇಲ್ಲ, ಮೂಲೆಯಲ್ಲಿ ಹೆಬ್ಬೆರಳು ಅಡ್ಡ ಬಂದಿದೆ. ತರಗತಿಯ ಕಪ್ಪು ಹಲಗೆ. ಅದರ ತುಂಬ ಮಕ್ಕಳು ಸೀಮೆಸುಣ್ಣದಲ್ಲಿ ಬಿಡಿಸಿದ ಕಣ್ಣುಗಳು. ಮೂವತ್ತು ನಲವತ್ತು ಇರಬಹುದು, ಒಂದೂ ನೆಟ್ಟಗಿಲ್ಲ. ನಾನು ಹಾಕಿದ ಯಾವ ಚಿತ್ರವನ್ನೂ ಇದು ಹೋಲುವುದಿಲ್ಲ. ಇದನ್ನು ಯಾವ ಯಂತ್ರವೂ ಹುಡುಕಿ ತರುವುದಿಲ್ಲ.

ಕೆಳಗೆ ಬರೆದಿದ್ದಾನೆ, "ಇವನ್ನ ತಿದ್ದು ನೋಡೋಣ."

ನಕ್ಕೆ. ಒಬ್ಬಳೇ, ಗಟ್ಟಿಯಾಗಿ. ಈಗ ಅವನಿಗೆ ಕ್ಲಾಸ್ ಇರಬಹುದು. ಇರಲಿ, ಎತ್ತದಿದ್ದರೆ ಮತ್ತೆ ಮಾಡಿದರಾಯಿತು. ರಿಂಗಾಗುತ್ತಿದೆ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಪೆನ್ನು. ಏನು ಹೇಳಬೇಕೆಂದು ಇನ್ನೂ—