ಬಾವುಟವಿಲ್ಲದ ಪೆಟ್ಟಿಗೆ

ಕೇನಿ ಕ್ರೀಕ್, ಕೆಂಟಕಿ
ನವೆಂಬರ್ 14, ಶನಿವಾರ

ಪ್ರೀತಿಯ ರೊವೀನಾ,

ಈಗ ರಾತ್ರಿ ಎಂಟು ಗಂಟೆ. ಐವಿಗೆ ಹಾಲೂಡಿಸುತ್ತ ಕುರ್ಚಿಯಲ್ಲೇ ಕಣ್ಣು ಮುಚ್ಚಿಹೋಗಿತ್ತು. ಎಬ್ಬಿಸಿದ್ದು ಮಗುವಲ್ಲ, ಗ್ಯಾರೇಜಿನಿಂದ ಬಂದ ಉಪ್ಪುಕಾಗದದ ಸದ್ದು. ನಿನ್ನ ತಮ್ಮ ಟ್ರೆಂಟ್ ಮತ್ತೆ ಮರ ಉಜ್ಜುತ್ತಿದ್ದಾನೆ.

ನೀನು ಕಳಿಸಿದ ಉಣ್ಣೆ ಟೋಪಿ ತಲುಪಿ ಎಷ್ಟೋ ದಿನವಾಯಿತು. ಒಂದು ಸಾಲೂ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಕಾಲೇಜಿನಲ್ಲಿ ಪುಟಗಟ್ಟಲೆ ಪ್ರಬಂಧ ಬರೆದವಳಿಗೆ ಈಗ ಹಾಲಿನ ಬಾಟಲಿಯ ಮುಚ್ಚಳ ಎಲ್ಲಿಟ್ಟೆ ಎಂಬುದೂ ನೆನಪಿರುವುದಿಲ್ಲ. ಟೋಪಿ ಚೆನ್ನಾಗಿ ಕೂರುತ್ತದೆ. ಐವಿಗೆ ಹಲ್ಲು ಬರುತ್ತಿದೆ. ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ, ಟ್ರೆಂಟ್‌ನ ಮೂಗನ್ನೂ. ಅವನು ನಗುವುದು ಆಗ ಮಾತ್ರ.

ಬೆಳಿಗ್ಗೆ ಓಪಲ್ ಸ್ಟ್ಯಾಂಪರ್ ಬಂದಿದ್ದರು. ನಿಮ್ಮ ಶಾಲೆಯ ಬಸ್ಸು ಓಡಿಸುತ್ತಿದ್ದ ಹರ್ಷೆಲ್‌ನ ಹೆಂಡತಿ. ಹಳೇ ಸೈನಿಕನೆಂದು ಅವನ ಶವಪೆಟ್ಟಿಗೆಗೆ ಹೊದಿಸಿದ್ದ ಬಾವುಟಕ್ಕೆ ಗಾಜಿನ ಮುಖದ ಮರದ ಪೆಟ್ಟಿಗೆ ಮಾಡಿಸಬೇಕಂತೆ. ಸೇನೆಯವರು ತ್ರಿಕೋನವಾಗಿ ಮಡಚಿ ಕೊಟ್ಟಿದ್ದ ಬಾವುಟ ನೋಡಿದರೆ ಒಗೆಯುವ ಬಟ್ಟೆಯ ಹಾಗೆ ಮುದ್ದೆ!

"ಬಿಚ್ಚಿ ಹೊದ್ಕೊಂಡ್ಬಿಟ್ಟೆ ಕಣಪ್ಪಾ," ಎಂದರು. "ಇಡೀ ಜನ್ಮ ನನ್ನ ಹೊದಿಕೆ ಎಳ್ಕೊಂಡೋನು. ಅವನದು ನನಗೆ ಒಂದ್ಸಲನಾದ್ರೂ ಸಿಕ್ತಲ್ಲ!"

"ತಪ್ಪೇನಿಲ್ಲ ಬಿಡಿ ಅಮ್ಮಾ. ಆದ್ರೆ ಕೆಂಪು ಹೊರಗೆ ಕಾಣ್ಬಾರ್ದು. ನೀಲಿ, ನಕ್ಷತ್ರ, ಅಷ್ಟೇ," ಎಂದು ಟ್ರೆಂಟ್ ನಕ್ಷತ್ರದ ಕಡೆಯ ತುದಿಯನ್ನು ನನ್ನ ಕೈಗೆ ಕೊಟ್ಟ. ಉದ್ದಕ್ಕೆ ಎರಡು ಮಡಿಕೆ ಮಾಡಿ ಬಿಗಿಯಾಗಿ ಹಿಡಿದುಕೊಂಡೆ. ಅವನು ಪಟ್ಟೆಯ ಕಡೆಯಿಂದ ತ್ರಿಕೋನ ಮಡಚುತ್ತ, ಒಂದೊಂದು ಮಡಿಕೆಗೂ ಹತ್ತಿರವಾಗುತ್ತ ಬಂದ. ಇಷ್ಟು ಹತ್ತಿರದಿಂದ ಅವನ ಮುಖ ನೋಡಿ ಎಷ್ಟು ಕಾಲವಾಗಿತ್ತೋ. ಕಣ್ಣಿನ ಕೆಳಗೆ ಮಸಿ ಬಳಿದ ಹಾಗಿದೆ, ರೊವೀನಾ.

ಕೊನೆಯ ಅಂಚು ಸಿಕ್ಕಿಸಿ ತ್ರಿಕೋನವನ್ನು ಅವನು ಓಪಲ್‌ಗೆ ಕೊಡಬೇಕಿತ್ತು. ಕೊಡಲಿಲ್ಲ. ನನ್ನೆದುರು ಒಂದು ಮಂಡಿಯೂರಿ, ನನ್ನ ಕೈಗಳ ಮೇಲಿಟ್ಟು, ತಲೆ ತಗ್ಗಿಸಿ, ಸಮಾಧಿಯ ಬಳಿ ವಿಧವೆಗೆ ಹೇಳುವ ಆ ಮಾತು ಶುರುಮಾಡಿಬಿಟ್ಟ: "ಕೃತಜ್ಞ ದೇಶದ ಪರವಾಗಿ..."

ಓಪಲ್ ತಕ್ಷಣ ಕೈಚಾಚಿದರು. "ಏ ಹುಡುಗಾ, ಗಂಡನ್ನ ಕಳ್ಕೊಂಡೋಳು ನಾನು! ತಾ ಇಲ್ಲಿ."

ನಾನು ನಕ್ಕೆ. ನಗುತ್ತಲೇ ತ್ರಿಕೋನವನ್ನು ಅವರ ಕೈಗೆ ದಾಟಿಸಿದೆ. ಟ್ರೆಂಟ್ ನಗಲಿಲ್ಲ. ಅವನ ತುಕಡಿಯ ಹುಡುಗರು ಯುದ್ಧದಲ್ಲಿ ಉಳಿದು, ಮನೆಗೆ ಬಂದು ತಮ್ಮ ಕೈಯಾರೆ ಜೀವ ತೆಗೆದುಕೊಂಡವರು. ಅವರ ಹೆಂಡಂದಿರ ಮುಂದೆಲ್ಲ ಹೀಗೇ ಮಂಡಿಯೂರಿದವನು ಇವನು. ಕೈಗೆ ಅಭ್ಯಾಸವಾಗಿ ತಪ್ಪಿತು ಎಂದುಕೊಳ್ಳಲು ನೋಡಿದೆ.

ಆದರೆ ಬಡಗಿಮೇಜಿನ ಮೇಲೆ ಇನ್ನೊಂದು ಪೆಟ್ಟಿಗೆ ಇದೆ. ಆಕ್ರೋಡು ಮರದ್ದು, ಹೆಚ್ಚೂಕಡಿಮೆ ಮುಗಿದಿದೆ. ಬಾವುಟ ಮನೆಗೆ ಬಾರದೆ ಅವನು ಮರಕ್ಕೆ ಗರಗಸ ಇಡುವುದಿಲ್ಲ, ನಿನಗೂ ಗೊತ್ತು. ಒಬ್ಬೊಬ್ಬರ ಮಡಿಕೆಯ ದಪ್ಪ ಒಂದೊಂದು. ಅಳೆಯದೆ ಮಾಡಿದರೆ ಒಳಗೆ ಕೂರದು ಎನ್ನುತ್ತಾನೆ. ಇದಕ್ಕೆ ಯಾರ ಬಾವುಟವೂ ಬಂದಿಲ್ಲ. "ಯಾರದು?" ಎಂದರೆ, "ಯಾರಾದ್ರೂ ಕೇಳ್ತಾರೆ, ಇರ್ಲಿ ಬಿಡು," ಎಂದ.

ಅವನ ಬಂದೂಕುಗಳನ್ನು ಪಕ್ಕದ ಮನೆಯ ವರ್ನಾಳಿಗೆ ಕೊಟ್ಟಿದ್ದೇನೆ. ಕೇಳಿದರೆ ಐವಿ ತೆವಳಲು ಕಲಿತಳು ಎನ್ನುತ್ತೇನೆ. ಅವನು ಕೇಳಿಯೇ ಇಲ್ಲ.

ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನನ್ನ ಬಾಯಿಗೆ "ಎಲ್ಲ ಚೆನ್ನಾಗಿದೆ" ಎಂದೇ ಬರುತ್ತದೆ, ಅದೂ ಅವನಿಗೆ ಕೇಳಿಸುವಷ್ಟು ತೆಳು ಗೋಡೆಯ ಈಚೆ ನಿಂತು. ಅದಕ್ಕೇ ಪತ್ರ. ವರ್ನಾ ರಾತ್ರಿ ಪಾಳಿಗೆ ನಿಮ್ಮ ಆಸ್ಪತ್ರೆಗೇ ಹೊರಟಿದ್ದಾಳೆ, ನಿನ್ನ ಕೈಗೇ ಕೊಡುತ್ತಾಳೆ. ನಿನ್ನ ರೋಗಿಗಳೆಲ್ಲ ಇವತ್ತು ನಿದ್ದೆ ಮಾಡಲಿ, ನಿನ್ನ ಕಾಲಿಗೂ ದೇವರು ಒಂದಿಷ್ಟು ಬಿಡುವು ಕೊಡಲಿ.

ನಿನ್ನ
ಶೆಲ್ಬಿ

ಮರೆತ ಮಾತು: ಮರೆತಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿನ್ನೆ ಪಾತ್ರೆ ಒರೆಸುವಾಗ ಅವನೆಂದ: "ಬಿಸಿಲಿಗೆ ನೀಲಿ ಬೇಗ ಮಾಸತ್ತೆ ಶೆಲ್ಬಿ. ಕಿಟಕಿ ಎದುರು ಇಡ್ಬೇಡ. ಐವಿ ರೂಮಲ್ಲಂತೂ ಬೇಡ." ನಿದ್ದೆಗೆಟ್ಟ ತಲೆ, ಏನು ಎತ್ತ ಎಂದು ಯೋಚಿಸದೆ, "ಹಜಾರದ ಗೋಡೆಗೆ ಬಿಸಿಲು ಬರಲ್ಲ," ಎಂದುಬಿಟ್ಟೆ. "ಹ್ಞಾಂ, ಅಲ್ಲಿ ಸರಿಹೋಗತ್ತೆ," ಎಂದ. ಎಷ್ಟೋ ದಿನದ ಮೇಲೆ ಅವನ ದನಿಯಲ್ಲಿ ನೆಮ್ಮದಿಯಿತ್ತು. ಅವನದೇ ಬಾವುಟಕ್ಕೆ ಜಾಗ ತೋರಿಸಿಕೊಟ್ಟವಳು ನಾನು, ರೊವೀನಾ. ನಿನ್ನ ಕರೆಯಾದರೆ ಅವನು ಎತ್ತುತ್ತಾನೆ, ಬೇರೆ ಯಾರದ್ದೂ ಎತ್ತುವುದಿಲ್ಲ. ಎಷ್ಟು ಹೊತ್ತಾದರೂ ಸರಿ, ಮಗು ಎದ್ದರೂ ಸರಿ. ಬೆಳಗಾಗುವ ಮೊದಲು ಫೋನ್ ಮಾಡು. ದಯವಿಟ್ಟು ಮಾಡು.