ಫೈನಲ್ ಮುಗಿಯುವ ತನಕ

ಹೊಲಿಗೆ ಅಂಗಡಿಯಿಂದ,
ಸೋಮವಾರ ಬೆಳಿಗ್ಗೆ

ಪ್ರೀತಿಯ ಗೂಟಮ್ಮಾ,

ಹೇಗಿದ್ದೀಯೆ? ಭುಜದ ನೋವು ಇಳಿಯಿತೇ? ನಾನು ಹೊಲಿದ ಶೂಟಿಂಗಿನ ಕ್ಯಾನ್ವಾಸ್ ಜಾಕೆಟ್ಟು ಕಂಕುಳಲ್ಲಿ ಉಜ್ಜುತ್ತಿದ್ದರೆ ಹಾಕಿಕೊಂಡೇ ಓಡಾಡು, ಹದಕ್ಕೆ ಬರುತ್ತದೆ. ನಾನು ಆರಾಮ. ನಿಮ್ಮಮ್ಮ ಆರಾಮವಿಲ್ಲ. ಹೃದಯದ ಕವಾಟ ಸೋತಿದೆಯಂತೆ, ಆಪರೇಷನ್ ಆಗಬೇಕು. ಶುಕ್ರವಾರ ನಿನ್ನ ಫೈನಲ್ ಮುಗಿಯುವ ತನಕ ನಿನ್ನ ಕಿವಿಗೆ ಬೀಳಬಾರದೆಂದು ಅವಳ ಅಪ್ಪಣೆ. ಬಾಯಿಬಿಟ್ಟರೆ ನನ್ನನ್ನು ಅಣ್ಣ ಎಂದು ಕರೆಯುವುದನ್ನೇ ಬಿಡುತ್ತಾಳಂತೆ. ಫೋನಿನಲ್ಲಿ ಹೇಳುವಂತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪಂದ್ಯಕ್ಕೆ ಮೊದಲು ನಿನಗೆ ಮನೆಯ ಸುದ್ದಿ ಮುಟ್ಟಿಸಬಾರದು ಅನ್ನುವುದು ನಮ್ಮಲ್ಲಿ ಕಟ್ಟಳೆಯೇ ಆಗಿಬಿಟ್ಟಿದೆ. ಮೊದಲು ಹೀಗಿರಲಿಲ್ಲ. ನೀನು ಶಾಲೆಯಿಂದ ಎರವಲು ತಂದ ಏರ್ ರೈಫಲ್ ಹಿಡಿದು, ನಳಿಗೆಯ ಮೇಲೆ ನಾಣ್ಯ ಇಟ್ಟುಕೊಂಡು, ಅಡುಗೆಮನೆಯ ಬಾಗಿಲಲ್ಲಿ ಗೂಟ ಹೊಡೆದ ಹಾಗೆ ನಿಲ್ಲುತ್ತಿದ್ದೆ. ನಿಮ್ಮಮ್ಮ ಬೇಕೆಂದೇ ಹಿಂದಿನಿಂದ ತಟ್ಟೆ ಬೀಳಿಸುತ್ತಿದ್ದಳು. ನಾಣ್ಯ ಅಲ್ಲಾಡುತ್ತಿರಲಿಲ್ಲ, ಬೆಚ್ಚಿಬೀಳುತ್ತಿದ್ದವರು ನಿಮ್ಮಪ್ಪ. "ಮನೆ ಪಾತ್ರೆಯೆಲ್ಲ ಸೊಟ್ಟಗಾದ ಮೇಲೇ ಇವಳು ಚಾಂಪಿಯನ್ ಆಗೋದು" ಎಂದು ಗೊಣಗುತ್ತಿದ್ದರು. ಊರಿನ ಪಂದ್ಯ ಗೆದ್ದೆ, ದೇಶದ ಪಂದ್ಯ ಗೆದ್ದೆ. ಆಮೇಲೆ ಹೊರದೇಶದಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಆ ಫೈನಲ್. ಮಗಳ ಗುರಿ ತಪ್ಪೀತು, ಹೇಳಬೇಡಿ ಎಂದು ನಿಮ್ಮಪ್ಪ ಆಸ್ಪತ್ರೆಯ ಹಾಸಿಗೆಯಿಂದಲೇ ಕೈಮುಗಿದರು. ನಾವೆಲ್ಲ ತಲೆಯಾಡಿಸಿದೆವು. ನೀನು ಚಿನ್ನ ತಂದಾಗ ತೋರಿಸಲು ಅವರಿರಲಿಲ್ಲ. ನೀನು ಕೂಗಾಡಿದ್ದರೆ ತಡೆದುಕೊಳ್ಳಬಹುದಿತ್ತು. ಶೂ ಕೂಡ ಬಿಚ್ಚದೆ ಹೊಸ್ತಿಲಲ್ಲಿ ನಿಂತು ಕೇಳಿದೆ: "ಮಾವ, ನನ್ನ ಕೈ ನಡುಗುತ್ತೆ ಅಂತ ನೀವೆಲ್ಲ ಸೇರ್ಕೊಂಡು ತೀರ್ಮಾನ ಮಾಡಿಬಿಟ್ರಾ?"

ಅದಾದ ಮೇಲೆ ಮತ್ತೆರಡು ಸಲ ವಿಶ್ವ ಚಾಂಪಿಯನ್ ಆದೆ. ಗೆದ್ದು ಫೋನು ಮಾಡಿದಾಗೆಲ್ಲ ನಿನ್ನ ಮೊದಲ ಮಾತು, "ಮನೇಲಿ ಎಲ್ರೂ ಇದ್ದೀರಾ?" ಗೆದ್ದವಳ ಬಾಯಲ್ಲಿ ಬರುವ ಮಾತೇ ಅದು? ಈ ಅಂಜಿಕೆ ನಿನಗೆ ಅಂಟಿದ್ದು ನಮ್ಮಿಂದಲೇ ಎಂದು ಕತ್ತರಿ ಹಿಡಿದಾಗಲೂ ಮನಸ್ಸು ಚುಚ್ಚುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕಣ್ಣು, ಕೈ ತಂಪಾಗಿರಲಿ.

ನಿನ್ನ
ಸೋದರಮಾವ

ತಾ.ಕ.: ಕೊರಿಯರಿನವನು ಅವಸರ ಮಾಡುತ್ತಿದ್ದಾನೆ; ಬುಧವಾರ ನಿನ್ನ ಕೈಸೇರುತ್ತದಂತೆ. ಆಪರೇಷನ್ನೂ ಶುಕ್ರವಾರವೇ. ಮುಂದಿನ ವಾರ ಮಾಡಿದರೂ ನಡೆಯುತ್ತದೆ ಎಂದರು ಡಾಕ್ಟರು. ಫೈನಲ್ ಮುಗಿಯುವ ತನಕ ನೀನು ಫೋನು ಮಾಡದ ದಿನ ಅದೊಂದೇ ಎಂದು ಅವಳೇ ಶುಕ್ರವಾರ ಆರಿಸಿಕೊಂಡಳು. ಬರುತ್ತೀಯೋ, ಅಲ್ಲೇ ನಿಂತು ಗುರಿ ಹಿಡಿಯುತ್ತೀಯೋ, ನೀನೇ ನೋಡು. ಯಾವುದಾದರೂ ಸರಿ, ಗುರುವಾರದೊಳಗೆ ಅವಳ ಹತ್ತಿರ ಮಾತಾಡು. ನಮ್ಮ ಬಾಯಿಂದ ಜಾರೀತೆಂದು ಫೋನನ್ನು ತನ್ನ ದಿಂಬಿನ ಕೆಳಗೇ ಇಟ್ಟುಕೊಂಡಿದ್ದಾಳೆ. ನೀನು ಮಾಡಿದರೆ ಅವಳೇ ಎತ್ತಬೇಕು.