ದೊಡ್ಡ ಪ್ಲಗ್

೧೩-೨-೧೯೮೪, ಸೋಮವಾರ. ಬೀರೂರು.

ಓವನ್ ತರಲು ಕಡೂರಿಗೆ ಹೋದವನು ಬರಿಗೈಯಲ್ಲಿ ಬಂದೆ. ಅಂಗಡಿ ಮುಚ್ಚಿತ್ತು ಎಂದು ಹೆಂಡತಿ ದಾಕ್ಷಾಯಣಿಗೆ ಸುಳ್ಳು ಹೇಳಿದ್ದೇನೆ.

ಮಗಳಿಗೆ ಮಾವನಾಗಲಿರುವ ಸಖರಾಯಪಟ್ಟಣದ ಓಂಕಾರಮೂರ್ತಿಯವರಿಗೆ ಅದು ಬೇಕೇ ಬೇಕಂತೆ. ಬ್ರೆಡ್ಡೂ ಸುಡಬೇಕು, ಕೇಕೂ ಬೇಯಬೇಕು, ಅಡುಗೆ ಕಟ್ಟೆಯ ಮೂಲೆಯಲ್ಲಿ ಕೂರುವಷ್ಟು ಚಿಕ್ಕದಿರಬೇಕು. ಅಳತೆಯನ್ನೂ ಬರೆದು ಕಳಿಸಿದ್ದರು. ಜ್ವರ ಬಂದಾಗ ಮಾತ್ರ ಬ್ರೆಡ್ ತಿನ್ನುವ ನನಗೆ ಇದೆಲ್ಲ ಏನು ತಿಳಿಯುತ್ತದೆ?

ಬೆನಕಪ್ಪನ ಅಂಗಡಿಯಲ್ಲಿ ಎರಡಿದ್ದವು. ಗಾಜಿನ ಬಾಗಿಲಿನದು ಹಿಡಿಸಿತು. ಇದು ಕರೆಂಟು ಜಾಸ್ತಿ ಎಳೆಯುತ್ತದೆ, ಆ ಮನೆಯಲ್ಲಿ ದೊಡ್ಡ ಪ್ಲಗ್ ಇದೆಯೇ ಎಂದ. ಗೊತ್ತಿಲ್ಲವೆಂದೆ, ಮನೆ ಯಾರದೆಂದು ಹೇಳಿದೆ.

"ಓಂಕಾರಮೂರ್ತಿಗಳ ಮನೇನಾ ಮೇಷ್ಟ್ರೇ? ಹಂಗಾರೆ ಇದೆ ಬಿಡಿ. ಮೂರು ವರ್ಷದ ಹಿಂದೆ ಸೊಸೆ ತೌರಿನೋರು ಇಂಥದ್ದೇ ಕೊಡ್ಸಿದ್ರು. ನಾನೇ ಹೋಗಿ ಪ್ಲಗ್ ಹಾಕ್ಬಂದೆ."

ಆ ಹುಡುಗಿ ಈಗ ಎಲ್ಲಿದ್ದಾಳೆ ಎಂದು ಕೇಳಿದೆ. ಬೆನಕಪ್ಪ ವೈರು ಸುತ್ತುತ್ತ ಕೂತ.

ಓಂಕಾರಮೂರ್ತಿಯವರಿಗೆ ಇರುವುದು ಒಬ್ಬನೇ ಮಗ. ಅವನಿಗೆ ಇದೇ ಮೊದಲ ಮದುವೆ ಎಂದು ನಮಗೆ ಹೇಳಿದ್ದಾರೆ.

ಮದುವೆಗೆ ಇನ್ನು ಒಂಬತ್ತು ದಿನ. ಒಳಗೆ ಸರ್ವಮಂಗಳ ಅವಳ ಅಮ್ಮನನ್ನು ಕೇಳುತ್ತಿದ್ದಾಳೆ, "ಕೇಕಿಗೆ ಮೊಟ್ಟೆ ಹಾಕ್ಲೇಬೇಕೇನಮ್ಮ?"